ಕಾಲು ಎಂದರೆ ಎಲ್ಲಿಂದ ಎಲ್ಲಿಯವರೆಗೆ

ಆಸ್ಪತ್ರೆಯ ಗೇಟಿನ ಹೊರಗೆ ಯಾರೋ ದೀವಿಹಲಸು ಸುಡುತ್ತಿದ್ದಾರೆ, ಸಿಪ್ಪೆ ಕರಕಲಾಗುವ ವಾಸನೆ ಕಿಟಕಿಯ ಜಾಲರಿ ದಾಟಿ ಬಂದು ಕಾಗದಗಳ ಮೇಲೆ ಕೂರುತ್ತಿದೆ, ಊಟ ಮಾರುವ ಮಿಸ್ ಆಯ್ವಿಯೇ ಇರಬೇಕು, ಬುಧವಾರ ಅವಳದು ಸುಟ್ಟ ದೀವಿಹಲಸು ಮತ್ತು ಕರಿದ ಮೀನು, ಬೇರೆ ಬುಧವಾರವಾಗಿದ್ದರೆ ಇಷ್ಟು ಹೊತ್ತಿಗೆ ಹೊಟ್ಟೆ ಚುರುಗುಟ್ಟಿ ರೊಸಿಟಾ ಎರಡು ಸಲ ಗೇಟಿನ ಕಡೆ ಇಣುಕಿ ಬಂದಿರುತ್ತಿದ್ದಳು, ಇವತ್ತು ಹನ್ನೆರಡಾದರೂ ಹೊಟ್ಟೆ ಸದ್ದಿಲ್ಲ, ಹೊಟ್ಟೆಯೊಂದೇ ಏನು, ಮೈಯೇ ಸದ್ದಿಲ್ಲ, ಬೆಳಿಗ್ಗೆ ಕೋಕೋ ನಾಲಿಗೆ ಸುಟ್ಟದ್ದು ಲೋಟ ಕೆಳಗಿಟ್ಟ ಮೇಲೆ ಗೊತ್ತಾಯಿತು, ವ್ಯಾನಿನಲ್ಲಿ ಪಕ್ಕದವನ ಮೊಣಕೈ ತಿವಿದದ್ದು ಇಳಿದ ಮೇಲೆ ಗೊತ್ತಾಯಿತು — ಹೀಗೂ ಇರುತ್ತದಾ, ಇರಲಿ, ನೋವಾಗುವುದಕ್ಕಿಂತ ವಾಸಿ — ಮೇಜಿನ ಮೇಲೆ ವಿಮೆಯವರ ಕಾಗದ, ಐದನೆಯ ಪ್ರಶ್ನೆ, ಗಾಯವಾದ ಅಂಗ ಇಂಥದು ಎಂದು ಮೊದಲು ತಿಳಿಸಿದವರು ಯಾರು, ಅದರ ಕೆಳಗೆ ಎರಡು ಚೌಕ, ಒಂದರ ಮುಂದೆ ವಿಮೆ ಮಾಡಿಸಿದವರು, ಇನ್ನೊಂದರ ಮುಂದೆ ಆಸ್ಪತ್ರೆಯ ಸಿಬ್ಬಂದಿ, ಹೆಸರು ಬರೆಯಿರಿ, ಒಂದಕ್ಕೆ ಮಾತ್ರ ಗುರುತು ಹಾಕಿ, ಮೂರು ಗಂಟೆಯೊಳಗೆ ಕಳಿಸಿ, ಎಷ್ಟು ಮರ್ಯಾದೆಯ ಕಾಗದ, ಸಾಲಿಗೊಂದು ದಯವಿಟ್ಟು, ಇಂಥ ಕಾಗದ ಅವಳಿಗೇನೂ ಹೊಸದಲ್ಲ, ಹೊರದೇಶದಿಂದ ಬಂದ ರೋಗಿಗಳ ಕಿಟಕಿ ಅವಳದು, ಬಿಸಿಲಿಗೆ ಬೆಂದವರು, ಬಾಡಿಗೆ ಸ್ಕೂಟರಿನಿಂದ ಬಿದ್ದವರು, ರಮ್ ಏರಿಸಿ ಹಡಗಿನ ಏಣಿ ತಪ್ಪಿದವರು, ಪಾಸ್‌ಪೋರ್ಟ್ ಕೊಡಿ, ವಿಮೆಯ ಕಾರ್ಡ್ ಕೊಡಿ, ಯಾರಿಗೆ ಫೋನ್ ಮಾಡಬೇಕು, ಎಲ್ಲಿ ನೋವು, ಈ ನಾಲ್ಕು ಮಾತು ಅವಳಿಗೆ ನಿದ್ದೆಯಲ್ಲೂ ಬರುತ್ತವೆ, ಅಮ್ಮ ಇದ್ದಾಗ ನಗುತ್ತಿದ್ದಳು, ಲೇ ರೋಸಿ, ನಿದ್ದೇಲಿ ಯಾರ ಪಾಸ್‌ಪೋರ್ಟ್ ಕೇಳ್ತಿದ್ದೆ, ಎಲ್ಲಿಗೆ ಹೊರಟಿದ್ಯೇ, ಎಲ್ಲಿಗೂ ಇಲ್ಲಮ್ಮ. ಹನ್ನೊಂದು ವರ್ಷದಿಂದ ಅವಳು ಇದೇ ಕಿಟಕಿಯಲ್ಲಿ ಕೂತಿದ್ದಾಳೆ.

ಸೋಮವಾರವೂ ಇಲ್ಲೇ ಕೂತಿದ್ದಳು, ಹತ್ತು ಗಂಟೆ, ಹತ್ತಕ್ಕೆ ಐದು ನಿಮಿಷ ಇತ್ತೋ ಏನೋ, ನಾಲ್ಕು ಜನ ಮೀನುಗಾರರು ಒಬ್ಬ ಮುದುಕಿಯನ್ನು ಬಾಗಿಲಿನ ಹಲಗೆಯ ಮೇಲೆ ಮಲಗಿಸಿ ಹೊತ್ತು ತಂದರು, ನಾಲ್ವರದೂ ಒಟ್ಟಿಗೆ ಮಾತು, ದೋಣಿ ಎಳೀತಿದ್ವಿ, ಹಗ್ಗ ಜಾರ್ತು, ಬೇಡ ಬೇಡ ಅಂದ್ವಿ, ಈಯಮ್ಮ ಕೇಳ್ಬೇಕಲ್ಲ — ಹೌದು, ದೋಣಿ ದಡಕ್ಕೆ ಎಳೆಯುವಾಗ ಹತ್ತಿರ ಇದ್ದವರೆಲ್ಲ ಒಂದು ಕೈ ಹಾಕಲೇಬೇಕು, ಪಾದ್ರಿಯಾದರೂ ಸರಿ ಪೊಲೀಸನಾದರೂ ಸರಿ, ಇವಳೂ ಹಾಕಿದ್ದಾಳೆ, ಎಪ್ಪತ್ತೊಂದು ವಯಸ್ಸು, ಬಿಳಿ ಪ್ಯಾಂಟು, ಕೊರಳಿಗೆ ಕನ್ನಡಕದ ಸರ, ಪಾಸ್‌ಪೋರ್ಟ್ ಇಂಗ್ಲೆಂಡಿನದು, ಹುಟ್ಟಿದ ಊರು ಎಂಬಲ್ಲಿ ಮಾತ್ರ ಇಲ್ಲಿಂದ ಮೂರು ಕೊಲ್ಲಿ ಆಚೆಯ ಹಳ್ಳಿ, ಹೆಸರು ಯುಲಾಲಿ ಓಲಿವಿಯೆರ್, ಹತ್ತೊಂಬತ್ತಕ್ಕೆ ಹಡಗು ಹತ್ತಿ ಹೈ ವಿಕಂಬ್ ಊರಿನ ಕುರ್ಚಿ ಕಾರ್ಖಾನೆ ಸೇರಿದವಳು, ಮೂರು ವಾರದ ರಜೆಗೆ ಬಂದವಳು, ಇಲ್ಲೇ ಹುಟ್ಟಿದ್ದರೂ ಕಾಗದದ ಮೇಲೆ ಹೊರಗಿನವಳು, ಹಾಗಾಗಿ ರೊಸಿಟಾಳ ಕಿಟಕಿ — ಎಲ್ಲಿ ನೋವು ಮಿಸ್ ಓಲಿವಿಯೆರ್, ಫುಟ್ಟು ಕಣಮ್ಮ, ದೋಣಿ ನನ್ನ ಫುಟ್ಟಿನ ಮೇಲೆ ಬಂತು, ಯಾವುದು, ಎಡಗಡೇದು, ರೊಸಿಟಾ ನೋಡಿದಳು, ನೋಡಲಿಲ್ಲ ಎನ್ನುವ ಹಾಗೇ ಇಲ್ಲ, ಬಿಳಿ ಪ್ಯಾಂಟನ್ನು ತೊಡೆಯವರೆಗೆ ಸೀಳಿದ್ದರು, ಮಂಡಿಯ ಮೇಲೆ ಮೂಳೆ ಇರಬೇಕಾದ ಜಾಗದಲ್ಲಿ ಇರಲಿಲ್ಲ, ಅಷ್ಟನ್ನು ಕಣ್ಣಾರೆ ಕಂಡೂ ಅವಳ ಬೆರಳು ಕಂಪ್ಯೂಟರಿನಲ್ಲಿ ಕುಟ್ಟಿದ್ದು ಎಡ ಫುಟ್ಟಿಗೆ ಪೆಟ್ಟು ಎಂದು, ಯಾಕೆ ಕುಟ್ಟಬಾರದು, ಈ ದ್ವೀಪದ ಇಂಗ್ಲಿಷಿನಲ್ಲಿ ಸೊಂಟದಿಂದ ಕೆಳಗೆ ಇರುವುದೆಲ್ಲ ಫುಟ್ಟೇ, ತೊಡೆಯೂ ಫುಟ್ಟು, ಮಂಡಿಯೂ ಫುಟ್ಟು, ಮೀನಖಂಡವೂ ಫುಟ್ಟು, ಅಜ್ಜಿಯ ಫುಟ್ಟು ಬಾತಿದೆ ಎಂದರೆ ಯಾರೂ ಎಲ್ಲಿ ಎಂದು ಕೇಳುವುದಿಲ್ಲ, ಹೋಗಿ ನೋಡುತ್ತಾರೆ, ಲೆಗ್ ಇರುವುದು ಮೇಜಿಗೆ, ಕೋಳಿಗೆ, ಮನುಷ್ಯರಿಗೂ ಲೆಗ್ ಎಂದವಳನ್ನು ನೋಡಿ ಓಹೋ ಮೇಡಂ ವಿಮಾನ ಇಳಿದು ಬಂದ್ರು ಎಂದು ಮೂಗು ಮುರಿಯುತ್ತಾರೆ. ರೊಸಿಟಾಳೂ ಹಾಗೆ ಮೂಗು ಮುರಿದವಳೇ.

ಆಮೇಲೆ ಫೋನು, ಅದರಲ್ಲಂತೂ ಅವಳ ಕೈ ಪಳಗಿದೆ, ವಿಮೆಯ ಕಾರ್ಡಿನ ಹಿಂದಿನ ನಂಬರು ಒತ್ತಿದಳು, ಯಾವ ದೇಶದಲ್ಲಿ ಕೂತಿದ್ದನೋ, ಹುಡುಗನ ದನಿ, ಬೆಣ್ಣೆಯಂಥ ದನಿ, ಮೇಡಂ ಯಾವ ಭಾಗಕ್ಕೆ ಗಾಯ, ಫುಟ್, ಎಡವೋ ಬಲವೋ, ಎಡ, ಬೇರೆ ಎಲ್ಲಾದರೂ ಗಾಯ ಇದೆಯಾ, ಇಲ್ಲ ಸರ್, ಫುಟ್ ಮಾತ್ರ — ಮಾತ್ರ, ಆ ಮಾತ್ರವನ್ನು ಯಾರು ಕೇಳಿದ್ದರು, ತಾನಾಗಿ ಸೇರಿಸಿದಳು — ಅವನು ರೋಗಿಯ ಹತ್ತಿರವೂ ಮಾತಾಡಬೇಕು ಎಂದ, ತಂತಿ ಎಳೆದು ಫೋನನ್ನು ಮುದುಕಿಯ ಕಿವಿಗೆ ಹಿಡಿದಳು, ಹೌದಪ್ಪ ಫುಟ್ಟೇ, ಸಿಕ್ಕಾಪಟ್ಟೆ ನೋವು ಕಣಪ್ಪ, ಎಲ್ಲ ಸೇರಿ ನಾಲ್ಕು ನಿಮಿಷ, ಫೈಲು ನಂಬರು ಬಂತು, ನಾಲ್ಕೇ ನಿಮಿಷದಲ್ಲಿ ಫೈಲು ನಂಬರು ತರಿಸುವವರು ಈ ಆಸ್ಪತ್ರೆಯಲ್ಲಿ ಯಾರಿದ್ದಾರೆ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ, ಆ ಹೆಮ್ಮೆ ಈಗಲೂ ನೆನಪಿದೆ, ಹೆಮ್ಮೆಯಲ್ಲೇ ಪೆನ್ಸಿಲ್ ಚೂಪು ಮಾಡಿದಳು, ನೆನಪಿದೆ, ನಾಚಿಕೆಯಾಗಬೇಕು, ಆಗುತ್ತಿಲ್ಲ, ನಾಚಿಕೆ ಎಲ್ಲೋ ಪಕ್ಕದ ಕೋಣೆಯಲ್ಲಿ ಬೇರೆಯವರಿಗೆ ಆಗುತ್ತಿದೆ — ಹನ್ನೊಂದಕ್ಕೆ ಡಾಕ್ಟರ್ ಯಾನೆಟ್ ಬಂದಳು, ಕ್ಯೂಬಾದವಳು, ಕೈಗವಸು ಕಳಚುತ್ತಲೇ ಮಾತು, ರೊಸಿಟಾ, ಬಾರ್ಬಡೋಸ್‌ಗೆ ವಿಮಾನ ಬೇಕು, ಈಗ್ಲೇ, ತೊಡೆಮೂಳೆ ಮುರಿದು ಮಂಡಿ ಹಿಂದೆ ರಕ್ತನಾಳ ಹರಿದಿದೆ, ಕೆಳಗೆ ರಕ್ತ ಹೋಗ್ತಿಲ್ಲ, ಅದನ್ನ ಹೊಲಿಯೋರು ಇಲ್ಲಿಲ್ಲ, ಪೆಟ್ಟು ಬಿದ್ದ ಮೇಲೆ ಆರು ಗಂಟೆ, ಅದು ದಾಟಿದ್ರೆ ಉಳಿಯಲ್ಲ, ಪೆಟ್ಟು ಬಿದ್ದದ್ದು ಒಂಬತ್ತೂವರೆಗೆ, ವಿಮಾನಕ್ಕೆ ಹಾರಲು ಮುಕ್ಕಾಲು ಗಂಟೆ ಸಾಕು, ವಿಮೆಯವರ ಒಂದು ಒಪ್ಪಿಗೆ ಕಾಗದ ಬಂದರೆ ಅದು ಹೊರಟೇಬಿಡುತ್ತದೆ, ಕಾಗದವಿಲ್ಲದೆ ಅದರ ಚಕ್ರ ಅಲ್ಲಾಡುವುದಿಲ್ಲ. ರೊಸಿಟಾ ಆ ಕ್ಷಣವೇ ಡಾಕ್ಟರ್ ಬರೆದುಕೊಟ್ಟದ್ದನ್ನು ವಿಮೆಯವರಿಗೆ ಕಳಿಸಿದಳು.

ಹನ್ನೆರಡೂವರೆಗೆ ಉತ್ತರ, ದಯವಿಟ್ಟು ಗಮನಿಸಿ, ನಮ್ಮ ಫೈಲಿನ ಪ್ರಕಾರ ಗಾಯ ಫುಟ್‌ಗೆ ಮಾತ್ರ, ಆಸ್ಪತ್ರೆಯೂ ರೋಗಿಯೂ ಹಾಗೇ ಹೇಳಿದ್ದಾರೆ, ಡಾಕ್ಟರ್ ತೊಡೆಮೂಳೆ ಎನ್ನುತ್ತಿದ್ದಾರೆ, ಎರಡೂ ತಾಳೆಯಾಗುತ್ತಿಲ್ಲ, ಪಾದದ ಗಾಯಕ್ಕೆ ವಿಮಾನ ಯಾಕೆ ಎಂದು ನಮ್ಮ ಕಡೆಯ ಡಾಕ್ಟರ್ ಪರಿಶೀಲಿಸುತ್ತಾರೆ, ಅಲ್ಲಿಯವರೆಗೆ ಕಾಯಿರಿ — ಪಾದ ಎಲ್ಲಿಂದ ಬಂತು, ಅವಳಿಗೆ ಅರ್ಥವೇ ಆಗಲಿಲ್ಲ, ಎರಡು ಸಲ ಓದಿದಳು, ಮೂರನೆಯ ಸಲಕ್ಕೆ ಹೊಳೆಯಿತು, ಅವರ ಇಂಗ್ಲಿಷಿನಲ್ಲಿ ಫುಟ್ ಎಂದರೆ ಹಿಮ್ಮಡಿಯಿಂದ ಬೆರಳಿನವರೆಗೆ, ಷೂಸಿನೊಳಗೆ ಹಿಡಿಸುವಷ್ಟು ಮಾತ್ರ, ಶಾಲೆಯಲ್ಲಿ ಚಿತ್ರ ಬಿಡಿಸಿ ಕಲಿಸಿದ್ದರು, ಕಲಿತು ಪರೀಕ್ಷೆ ಬರೆದು ಗೇಟಿನಾಚೆ ಬಂದ ಕೂಡಲೇ ಎಲ್ಲರೂ ಮರೆತಿದ್ದರು, ಕೂಡಲೇ ಫೋನ್ ಮಾಡಿದಳು, ಈ ಸಲ ಬೇರೆ ದನಿ, ಹೆಂಗಸು, ಕಾಯಿಸಿದಳು, ಸಂಗೀತ ಹಾಕಿ ಕಾಯಿಸಿದಳು, ಇಪ್ಪತ್ತು ನಿಮಿಷ, ಕೊನೆಗೆ ಸಿಕ್ಕಾಗ ರೊಸಿಟಾಳ ಬಾಯಿಗೆ ಲೆಗ್ ಎಂಬ ಇಂಗ್ಲಿಷಿನ ಮೂರು ಅಕ್ಷರದ ಪದ, ಗಿಳಿಗೂ ಬರುವ ಪದ, ಅದು ಬರಲೇ ಇಲ್ಲ, ಮೇಡಂ ಫುಟ್ ಸರಿ, ಆದರೆ ಕೆಳಗಲ್ಲ, ಫುಟ್ಟಿನ ಮೇಲ್ಗಡೆ ಮೇಡಂ, ಮೇಲ್ಗಡೆ, ಓಹ್ ಪಾದದ ಮೇಲ್ಭಾಗವೇ, ಹೌದು ಹೌದು ಮೇಲೆ, ಧನ್ಯವಾದ, ಬರೆದುಕೊಂಡಿದ್ದೇನೆ, ಫೋನ್ ಇಟ್ಟ ಮೇಲೆ ಡಾಕ್ಟರ್ ಯಾನೆಟ್ ಕೇಳಿದಳು, ಏನ್ ಹೇಳ್ದೆ, ಹೇಳಿದಳು, ಡಾಕ್ಟರ್ ಸ್ಪ್ಯಾನಿಷಿನಲ್ಲಿ ಏನೋ ಅಂದಳು, ಬೈಗುಳವೋ ದೇವರೋ, ಫೋನ್ ಕಿತ್ತುಕೊಂಡು ತಾನೇ ಮಾಡಿದಳು, ಮತ್ತೆ ಸಂಗೀತ, ಎರಡು ಗಂಟೆ, ಮೂರು ಗಂಟೆ, ಮೂರೂವರೆ, ನಿಮ್ಮ ವಿಷಯ ಪರಿಶೀಲನೆಯಲ್ಲಿದೆ ಡಾಕ್ಟರ್, ಮುದುಕಿ ನಡುನಡುವೆ ಕಣ್ಣು ಬಿಟ್ಟು ವಿಮಾನ ಬಂತಾ ಮಗಾ, ಬರ್ತಿದೆ ಮಿಸ್ ಲಾಲಿ, ಅಷ್ಟು ಹೊತ್ತಿಗೆ ಅವಳು ಮಿಸ್ ಲಾಲಿ ಆಗಿಬಿಟ್ಟಿದ್ದಳು, ಎಡಗಡೆಯ ಬೆರಳುಗಳನ್ನು ರೊಸಿಟಾ ಒಮ್ಮೆ ಮುಟ್ಟಿದಳು, ತಣ್ಣಗಿದ್ದವು, ಮೀನುಪೆಟ್ಟಿಗೆಯಲ್ಲಿ ಕೈ ಇಟ್ಟ ಹಾಗೆ, ಆಮೇಲೆ ಮುಟ್ಟಲಿಲ್ಲ. ಒಪ್ಪಿಗೆ ಕಾಗದ ಸಂಜೆ ಐದು ಇಪ್ಪತ್ತಕ್ಕೆ ಬಂತು, ತಡವಾದದ್ದಕ್ಕೆ ವಿಷಾದವನ್ನೂ ತಂದಿತು.

ವಿಮಾನ ಕರೆಸಿ ಪ್ರಯೋಜನ ಉಳಿದಿರಲಿಲ್ಲ, ಮಂಗಳವಾರ ಬೆಳಿಗ್ಗೆ ಇಲ್ಲೇ ಕತ್ತರಿಸಿದರು, ಮಂಡಿಗಿಂತ ಮೇಲೆ, ಅಷ್ಟು ದೊಡ್ಡ ಮಾತನ್ನು ಯಾರೂ ರೊಸಿಟಾಳಿಗೆ ಹೇಳಲಿಲ್ಲ, ಮಧ್ಯಾಹ್ನ ಬೇರೇನೋ ಫೈಲು ಹಿಡಿದು ಹೆಂಗಸರ ವಾರ್ಡಿನ ಮುಂದೆ ಹೋಗುವಾಗ ಬಾಗಿಲು ತೆರೆದಿತ್ತು, ಕಣ್ಣು ತಾನಾಗಿ ಒಳಗೆ ಹೋಯಿತು, ಮೂರನೆಯ ಮಂಚ, ಬಿಳಿ ಹೊದಿಕೆ, ಬಲಗಡೆ ತೊಡೆ, ಮಂಡಿ, ಬೆರಳಿನ ತುದಿ, ಎಲ್ಲ ಉಬ್ಬುಬ್ಬಾಗಿ ಹೊದಿಕೆಯ ಕೆಳಗೆ ಇತ್ತು, ಎಡಗಡೆ ಅರ್ಧದವರೆಗೆ ಉಬ್ಬಿ, ಆಮೇಲೆ ಹೊದಿಕೆ ಹಾಸಿಗೆಗೆ ಇಳಿದುಬಿಟ್ಟಿತ್ತು, ಚಪ್ಪಟೆ, ಇಸ್ತ್ರಿ ಮಾಡಿಟ್ಟ ಹಾಗೆ ಚಪ್ಪಟೆ — ಆಮೇಲೆ ಫೈಲು ಎಲ್ಲಿ ಕೊಟ್ಟಳೋ, ಊಟ ಮಾಡಿದಳೋ ಇಲ್ಲವೋ, ಮನೆಯಲ್ಲಿ ಮೇಜಿನ ಬಟ್ಟೆ ಹಾಸುವಾಗ ಅಂಗೈಯಿಂದ ಸುಕ್ಕು ತೀಡುತ್ತಾ ತೀಡುತ್ತಾ ನಿಂತುಬಿಟ್ಟಿದ್ದಳು, ಚಪ್ಪಟೆ, ತಂಗಿ ಫೋನಿನಲ್ಲಿ ಅಳ್ತಿದ್ದೀಯೇನೇ ಅಂದಳು, ಇಲ್ಲ ಕಣೇ, ಅತ್ತುಬಿಡೇ ಹಗುರ ಆಗತ್ತೆ, ಬರ್ತಿಲ್ವಲ್ಲೇ, ನಿಜಕ್ಕೂ ಬರುತ್ತಿರಲಿಲ್ಲ — ಇವತ್ತು ಬೆಳಿಗ್ಗೆ ಮಿಸ್ಟರ್ ಬ್ಯಾಲಂಟೈನ್, ದಾಖಲೆ ವಿಭಾಗದ ಮೇಲಿನವನು, ಬಾಗಿಲು ಒರಗಿಸಿ ಎದುರಿಗೆ ಕೂತ, ಒಳ್ಳೆಯವನೇ, ಅವಳ ಅಮ್ಮನ ಮಣ್ಣಿಗೆ ಬಂದು ಹಾಡು ಹೇಳಿದ್ದವನು, ಈ ಕಾಗದ ಮುಂದಿಟ್ಟ, ನೋಡು ರೊಸಿಟಾ, ಆಯಮ್ಮಾನೂ ಫುಟ್ಟು ಅಂದಿದ್ದಾಳೆ ತಾನೆ, ಅವ್ರ ಹತ್ರ ಧ್ವನಿ ರೆಕಾರ್ಡಾಗಿದೆ, ಅದೇನೂ ಸುಳ್ಳಲ್ಲ, ಮೊದಲನೇ ಚೌಕಕ್ಕೆ ಹಾಕು, ಆಯಮ್ಮನ ಸಹಿ ತಗೊಂಡ್ಬಾ, ಆಗಸ್ಟಲ್ಲಿ ನಿನ್ನ ಕೆಲ್ಸ ಮುಂದುವರ್ಸೋ ಕಾಗದ ಮತ್ತೆ ಮೇಜಿಗೆ ಬರತ್ತೆ, ಅದ್ರ ಮೇಲೆ ಬೇರೆ ಏನೂ ಬರೆದಿರಬಾರ್ದು ಅಷ್ಟೆ, ಹೋಗುವಾಗ ಬೆನ್ನು ತಟ್ಟಿದ, ತಟ್ಟಿದ್ದು ಕಾಣಿಸಿತು, ತಗಲಲಿಲ್ಲ. ಕಾಗದದ ಬೆನ್ನಿಗೆ ಸಣ್ಣ ಅಕ್ಷರದಲ್ಲಿ ಇರುವುದನ್ನು ಬ್ಯಾಲಂಟೈನ್ ಓದಲಿಲ್ಲ, ಅಥವಾ ಓದಿದ್ದಾನೆ, ವಿಮೆ ಮಾಡಿಸಿದವರೇ ತಪ್ಪು ತಿಳಿಸಿದ್ದರೆ ಚಿಕಿತ್ಸೆ, ಮನೆಗೆ ಮರಳುವ ಪ್ರಯಾಣ, ಕೃತಕ ಅಂಗ, ಯಾವುದೂ ನಮ್ಮ ಹೊಣೆಯಲ್ಲ, ಸಿಬ್ಬಂದಿ ತಪ್ಪು ತಿಳಿಸಿದ್ದರೆ ಎಲ್ಲ ನಮ್ಮ ಹೊಣೆ, ಆ ಸಿಬ್ಬಂದಿಯ ಮೇಲೆ ಕ್ರಮಕ್ಕೆ ಆಸ್ಪತ್ರೆಗೆ ಬರೆಯುತ್ತೇವೆ. ಮೊದಲ ಚೌಕವಾದರೆ ಮಿಸ್ ಲಾಲಿ ಮುಳುಗುತ್ತಾಳೆ, ಎರಡನೆಯದಾದರೆ ರೊಸಿಟಾ, ಕಾಗದ ಅಷ್ಟೇ ಸರಳವಾಗಿತ್ತು.

ಎದ್ದಳು, ಕುರ್ಚಿ ಹಿಂದಕ್ಕೆ ಸರಿದ ಸದ್ದು, ಕಾರಿಡಾರಿನಲ್ಲಿ ನೆಲ ಒರೆಸಿದ್ದಾರೆ, ಫಿನಾಯಿಲು, ಅದರ ಮೇಲೆ ಇನ್ನೂ ದೀವಿಹಲಸು, ಹೆಜ್ಜೆ ಹಾಕುತ್ತಿರುವುದು ಯಾರದೋ ಎರಡು ಫುಟ್ಟು, ಸೊಂಟದಿಂದ ಕೆಳಗೆ ಇಡಿಯಾಗಿ ಎರಡು, ಬಲ, ಎಡ, ಬಲ, ಎಡ, ಏನು ಹೇಳುವುದು, ಸಹಿ ಹಾಕಿ ಮಿಸ್ ಲಾಲಿ ಅಷ್ಟೇ, ಏನು ಎತ್ತ ಎಂದು ಅವಳು ಕೇಳಲಾರಳು, ಔಷಧದ ಮಂಪರಿನಲ್ಲಿ ಇರುತ್ತಾಳೆ, ಕನ್ನಡಕವೂ ಇರುವುದಿಲ್ಲ, ಮೂರನೆಯ ಮಂಚ, ಹೊದಿಕೆಯ ಎಡಗಡೆ ನೋಡಬಾರದು, ಮುಖ ಮಾತ್ರ ನೋಡಬೇಕು, ಮುಖ ಎದ್ದೇ ಇತ್ತು, ಕನ್ನಡಕ ಹಾಕಿಕೊಂಡೇ ಇತ್ತು, ಬಾ ಮಗಾ ಕೂತ್ಕೋ, ನೀನೇ ಅಲ್ವಾ ಕಿಟಕಿ ಹುಡುಗಿ, ಡಾಕ್ಟ್ರು ಎಲ್ಲ ಹೇಳಿದ್ಲು, ಫುಟ್ಟು ಅಂದಿದ್ದಕ್ಕೆ ಹಿಂಗಾಯ್ತಂತೆ, ನಾನು ಆ ಫೋನಿನ ಹುಡುಗನಿಗೂ ಹಂಗೇ ಅಂದೆನಂತೆ, ಅಂದಿದ್ದು ನೆನಪೇ ಇಲ್ಲ ನೋಡು — ಮಿಸ್ ಲಾಲಿಯ ದನಿಯಲ್ಲಿ ಅಳುವಿಲ್ಲ, ಸಿಟ್ಟೂ ಇಲ್ಲ, ಪಕ್ಕದ ಮನೆಯ ವಿಷಯ ಹೇಳುವ ಹಾಗೆ ಹೇಳುತ್ತಾಳೆ, ವಿಕಂಬಿಗೆ ಹೋದ ಮೊದಲನೇ ವಾರ ಮಗಾ, ಮರದ ದಿಮ್ಮಿ ಮಂಡಿಗೆ ಬಡೀತು, ಮೇಸ್ತ್ರಿ ಹತ್ರ ಹೋಗಿ ಫುಟ್ಟಿಗೆ ಪೆಟ್ಟಾಯ್ತು ಸಾರ್ ಅಂದೆ, ಅವ್ನು ಷೂ ಬಿಚ್ಚಿಸಿ ಹುಡುಕಿದ ಪೆಟ್ಟು ಎಲ್ಲಿ ಅಂತ, ಇಡೀ ಕಾರ್ಖಾನೆ ನಗ್ತು, ಆವತ್ತಿಂದ ಲೆಗ್ ಅನ್ನೋದು ಕಲಿತೆ, ಐವತ್ತೆರಡು ವರ್ಷ, ಒಂದಿನಾನೂ ತಪ್ಪಿಲ್ಲ, ಕನಸಲ್ಲೂ ಲೆಗ್ ಲೆಗ್, ಇಲ್ಲಿಗೆ ಬಂದು ಹನ್ನೊಂದು ದಿನ, ಅಷ್ಟೇ, ಬಾಯಿ ನಮ್ಮಮ್ಮನ ಬಾಯಿ ಆಗ್ಬಿಡ್ತು, ಎಂದು ನಕ್ಕಳು, ಸಣ್ಣಗೆ, ಕೆಮ್ಮಿನ ಹಾಗೆ, ಏನ್ ಕಾಗದ ಅದು. ರೊಸಿಟಾ ಅದನ್ನು ಅವಳ ಕೈಗೆ ಕೊಟ್ಟಳು.

ಮಿಸ್ ಲಾಲಿ ಎರಡು ಚೌಕವನ್ನೂ ಓದಿದಳು, ನಾನು ಅಂತ ಹಾಕು ಮಗಾ, ಅಂದಿದ್ದು ನಿಜ ತಾನೆ, ನೀನು ಪ್ರಾಯದ ಹುಡುಗಿ, ಇಲ್ಲೇ ಬಾಳ್ಬೇಕಾದವಳು, ಪೆನ್ನು ಕೊಡು, ಕೈ ಚಾಚಿದಳು, ಚಾಚಿದ ಕೈ ಗಾಳಿಯಲ್ಲಿ ನಿಂತಿದೆ, ಒಂದು ಪೆನ್ನು, ಒಂದು ಸಹಿ, ಆಮೇಲೆ ಆಗಸ್ಟ್, ಆಮೇಲೆ ಇದೇ ಕಿಟಕಿ, ಇದೇ ನಾಲ್ಕು ಮಾತು, ಎಲ್ಲಿ ನೋವು, ಎಲ್ಲಿ ನೋವು, ರೊಸಿಟಾಳ ಬಾಯಿ ಕಾಗದವನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರವನ್ನು ಓದಿ ಹೇಳುತ್ತಿತ್ತು, ಹೌದು, ಬಾಯಿಯೇ, ಅವಳು ಹೇಳು ಎಂದಿರಲಿಲ್ಲ, ಮಿಸ್ ಲಾಲಿ, ನೀವು ಅಂತ ಹಾಕಿದ್ರೆ ಅವ್ರು ಒಂದು ಚೂರೂ ಕೊಡಲ್ಲ, ಮಲಗಿಸ್ಕೊಂಡು ಹೋಗೋ ವಿಮಾನ ಇಲ್ಲ, ಆ ಹೊಸ — ಆ ಹೊಸದೂ ಇಲ್ಲ, ಮೊದ್ಲು ಬರೆದವಳು ನಾನು, ಮಾತ್ರ ಅಂತ ಸೇರಿಸಿದವಳು ನಾನು, ಮೇಲೆ ಫ್ಯಾನು ತಿರುಗುತ್ತಿದೆ, ಪಕ್ಕದ ಮಂಚದವಳು ಚಮಚದಿಂದ ಆರಾರೂಟ್ ಗಂಜಿ ಕೆರೆಯುತ್ತಿದ್ದಾಳೆ, ಮುದುಕಿಯ ಚಾಚಿದ ಕೈ ಮೆಲ್ಲಗೆ ಹೊದಿಕೆಯ ಮೇಲೆ ಇಳಿಯಿತು, ನಿನ್ ಕೆಲ್ಸ ಹೋಗತ್ತಲ್ಲೇ, ಹೋಗತ್ತೆ, ಅಯ್ಯೋ, ಎಂದು ಅವಳು ಮುಖ ಕಿಟಕಿಗೆ ತಿರುಗಿಸಿದಳು, ಬೇಡ ಎನ್ನಲಿಲ್ಲ, ಬೇಡ ಎಂದಾಳು ಎಂದು ರೊಸಿಟಾ ಕಾದಳೇ, ಒಂದು ಗಳಿಗೆ ಕಾದಳು, ಆಮೇಲೆ ಎರಡನೆಯ ಚೌಕಕ್ಕೆ ಗುರುತು ಹಾಕಿದಳು, ರೊಸಿಟಾ ಮೇ ಕ್ವಾಶಿ, ಅಕ್ಷರ ದುಂಡಗೆ ಬಂತು, ಯಾವುದೋ ಬೇರೆ ರೋಗಿಯ ಹೆಸರು ತುಂಬಿದ ಹಾಗೆ ತನ್ನ ಹೆಸರು ತುಂಬಿದಳು. ಅದರ ಕೆಳಗೆ ಆರನೆಯ ಪ್ರಶ್ನೆ, ಗಾಯವಾದ ಅಂಗದ ಸರಿಯಾದ ಹೆಸರು, ದಯವಿಟ್ಟು ಒಂದೇ ಪದದಲ್ಲಿ, ಅದು ಇನ್ನೂ ಖಾಲಿಯಿತ್ತು.

ಮಗಾ, ಹೋಗ್ಬೇಡ, ಒಂದು ಉಪಕಾರ ಮಾಡು, ಮಿಸ್ ಲಾಲಿ ಕಿಟಕಿಯ ಕಡೆಗೇ ಮುಖ ಮಾಡಿ ಹೇಳುತ್ತಾಳೆ, ಬೆಳಿಗ್ಗೆಯಿಂದ ನವೆ, ನರ್ಸು ಹತ್ರ ಹೇಳಕ್ಕೆ ನಾಚಿಕೆ, ಸ್ವಲ್ಪ ಕೆರೆದುಕೊಡ್ತೀಯಾ, ಎಲ್ಲಿ ಮಿಸ್ ಲಾಲಿ, ಎಡ ಫುಟ್ಟು, ರೊಸಿಟಾ ಪೆನ್ನು ಕೆಳಗಿಟ್ಟಳು, ಕೈ ಹೊದಿಕೆಯ ಮೇಲೆ ಹೋಯಿತು, ಉಬ್ಬು ಸಿಕ್ಕಿತು, ಕಟ್ಟಿದ ಬಟ್ಟೆಯ ಗಂಟು ಬೆರಳಿಗೆ ತಗಲಿತು, ಬಿಸಿ ತಗಲಿತು, ಎರಡು ದಿನದಲ್ಲಿ ಮೊದಲ ಸಲ ಏನೋ ತಗಲಿತು, ಅಲ್ಲೇ ಮೆಲ್ಲಗೆ ಬೆರಳಾಡಿಸಿದಳು, ಇಲ್ಲಾ, ಅಲ್ಲ ಕಣೇ, ಅದು ತೊಡೆ, ನಾನ್ ಹೇಳ್ತಿರೋದು ಅಂಗಾಲು, ಇನ್ನೂ ಕೆಳಗೆ, ಕೈ ಕೆಳಗೆ ಸರಿಯಿತು, ಉಬ್ಬು ಮುಗಿಯಿತು, ಇನ್ನೂ ಕೆಳಗೆ, ಮಂಡಿ ಇರಬೇಕಿದ್ದಲ್ಲಿ ಹೊದಿಕೆ, ಇನ್ನೂ, ಮೀನಖಂಡ ಇರಬೇಕಿದ್ದಲ್ಲಿ ಹೊದಿಕೆ, ಮಂಚದ ಕೊನೆ ಬಂತು, ಅಲ್ಲಿ ಉಗುರಿನಿಂದ ಕೆರೆದಳು, ಬಟ್ಟೆ ಸರಸರ ಅಂದಿತು, ಹಾಂ, ಅಲ್ಲೇ, ಅಲ್ಲೇ ಮಗಾ, ಚಪ್ಪಟೆ, ಬಿಳಿ, ಚಪ್ಪಟೆ